ಗಂಜಿ ಹಾಕಿದ ಬಟ್ಟೆಯೂ ಪಡುಗಾಳಿಯೂ

ನವೆಂಬರ್ ಒಂದನೇ ತಾರೀಕು ನಮ್ಮ ಪಡುಕೋಡಿಯವರಿಗೆ ಸ್ವಲ್ಪ ಪೇಚಿನ ದಿನ. ಗಡಿಯ ಆಚೆ ರಾಜ್ಯೋತ್ಸವ, ಈಚೆ ಕೇರಳ ಪಿರವಿ, ಎಂದರೆ ಕೇರಳ ಹುಟ್ಟಿದ ದಿನ. ಯಾವ ಧ್ವಜ ಏರಿಸುವುದೆಂಬ ಚರ್ಚೆ ಒಂದು ವರ್ಷ ಮಧ್ಯಾಹ್ನದ ಊಟದವರೆಗೂ ನಡೆದು, ಕೊನೆಗೆ ಏರಿದ್ದು ದನಿ ಮಾತ್ರ ಎಂದಾದ ಮೇಲೆ ಊರಿನ ಹಿರಿಯರು ಕೂತು ತೀರ್ಮಾನಿಸಿದರು: ಆ ದಿನ ಧ್ವಜ ಬೇಡ, ಹಾಯಿ ಏರಿಸುವ. ಹಾಗೆ ಹುಟ್ಟಿದ್ದು ನಮ್ಮ ಹಾಯಿದೋಣಿ ಪಂದ್ಯ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ ಐದೂ ಭಾಷೆಯಲ್ಲಿ ಬೈಯುತ್ತಾ ಒಂದೇ ದಿಕ್ಕಿಗೆ ನೋಡುವ ಅವಕಾಶ ನಮಗೆ ವರ್ಷಕ್ಕೆ ಅದೊಂದೇ.

ಪಂದ್ಯದ ದಾರಿ ಸುಲಭ. ನಮ್ಮ ಕೊಲ್ಲಿಯ ತೆಂಕು ತುದಿಯಲ್ಲಿ ಹೊಳೆ ಕಡಲು ಸೇರುವ ಅಳಿವೆ. ಬಡಗು ತುದಿಯಲ್ಲಿ ನೀರಿನಿಂದ ಎದ್ದು ನಿಂತ ಬೊಳ್ಳಿಕಲ್ಲು. ಬೊಳ್ಳಿ ಎಂದರೆ ಬೆಳ್ಳಿಯೆಂದು ಹೊಸಬರು ಆಸೆಪಡುತ್ತಾರೆ. ಅದು ಕಡಲಹಕ್ಕಿಗಳು ತಲೆಮಾರುಗಳಿಂದ ಧಾರಾಳವಾಗಿ ಬಳಿದ ಸುಣ್ಣ. ಅಳಿವೆಯಿಂದ ಹೊರಟು, ಕಲ್ಲಿಗೆ ಸುತ್ತುಹಾಕಿ, ಮರಳಿ ಅಳಿವೆಗೆ ಬರಬೇಕು. ಇಂಜಿನ್ ಕೂಡದು, ಹುಟ್ಟು ಹಾಕಕೂಡದು, ಗಾಳಿಯೊಂದೇ ಗತಿ. ದಡದಲ್ಲಿದ್ದವರು ಕೂಗಬಹುದು, ಹರಕೆ ಹೊರಬಹುದು, ಶಾಪ ಹಾಕಬಹುದು.

ಗೆದ್ದವರಿಗೆ ಸಿಗುವುದು ಒಂದು ಜಾಗ. ಅಳಿವೆಯ ಒಳಮಗ್ಗುಲಿನಲ್ಲಿ, ತೆರೆ ತಾಗದ ಕಡೆ, ಒಂದೇ ಒಂದು ದೋಣಿ ಕಟ್ಟುವಷ್ಟು ಸ್ಥಳ ಉಂಟು. ಮುಂದಿನ ನವೆಂಬರ್ ಒಂದರವರೆಗೆ ಅದು ಗೆದ್ದ ದೋಣಿಯದ್ದು. ಉಳಿದವರು ದಿನವೂ ದೋಣಿಯನ್ನು ದಡದ ಹೊಯಿಗೆಯ ಮೇಲೆ ಎಳೆದು ಹಾಕಬೇಕು, ಬೆಳಿಗ್ಗೆ ಮತ್ತೆ ನೂಕಬೇಕು. ಎಂಟು ಜನ ಗಟ್ಟಿ ಆಳುಗಳಿದ್ದರೆ ಅದು ಕೆಲಸ, ಇಲ್ಲದಿದ್ದರೆ ಅದು ಶಿಕ್ಷೆ.

ಇಮೆಲ್ಡಾ ಬಾಯಿಗೂ ಈ ಪಂದ್ಯಕ್ಕೂ ಮೊದಲು ಯಾವ ಸಂಬಂಧವೂ ಇರಲಿಲ್ಲ. ಅವರದ್ದು ಇಸ್ತ್ರಿಯ ಕೆಲಸ. 'ಇಸ್ತ್ರಿಯಲ್ಲೇ ಸ್ತ್ರೀ ಇದ್ದಾಳೆ, ಪುರುಷರು ಮುಟ್ಟಬೇಡಿ' ಎಂದು ಊರಿನಲ್ಲಿ ಒಂದು ತಮಾಷೆಯಿತ್ತು. ಅದಕ್ಕೆ ಅವರು ನಕ್ಕದ್ದನ್ನು ಕಂಡವರಿಲ್ಲ. ಚಿಕ್ಕಂದಿನಲ್ಲಿ ಕಾನ್ವೆಂಟಿನಲ್ಲಿ ಸಿಸ್ಟರ್ ಸ್ಟೆಲ್ಲಾ ಅವರಿಗೆ ಎರಡು ವಿದ್ಯೆ ಕಲಿಸಿದ್ದರು, ಪ್ರಾರ್ಥನೆ ಮತ್ತು ಗಂಜಿ. ಕುಚ್ಚಲಕ್ಕಿಯ ಗಂಜಿ ನಮಗೆಲ್ಲ ಊಟ. ಬೆಳ್ತಿಗೆ ಅಕ್ಕಿಯ ಗಂಜಿತಿಳಿ ಇಗರ್ಜಿಯ ಪೀಠದ ಬಟ್ಟೆಗಳಿಗೆ. ನಾವು ಗಂಜಿ ಕುಡಿದು ಮೆತ್ತಗಾಗುತ್ತೇವೆ, ಬಟ್ಟೆ ಗಂಜಿ ಕುಡಿದು ಬಿಗಿಯಾಗುತ್ತದೆ. ಇಗರ್ಜಿಯ ಬಿಳಿ ಬಟ್ಟೆಗಳೆಲ್ಲ ಇಮೆಲ್ಡಾ ಬಾಯಿಯ ಅಂಗಳದಲ್ಲಿ, ಕಡಲಿಗೆ ಮುಖಮಾಡಿದ ದಿಬ್ಬದ ಮೇಲೆ, ಎರಡು ತೆಂಗಿನಮರಗಳ ನಡುವೆ ಕಟ್ಟಿದ ಹಗ್ಗದಲ್ಲಿ ಒಣಗುತ್ತಿದ್ದವು.

ಕಡಲಕರೆಯಲ್ಲಿ ಗಂಜಿ ಹಾಕಿದ ಬಟ್ಟೆ ಒಣಗಿಸುವುದು ತಾಳ್ಮೆಯ ಕೆಲಸ. ಬೆಳಿಗ್ಗೆ ಗುಡ್ಡದ ಕಡೆಯಿಂದ ಬರುವ ಮೂಡುಗಾಳಿ ಒಣಗಾಳಿ. ಬಟ್ಟೆ ಹಪ್ಪಳದಂತೆ ಗರಿಗರಿಯಾಗುತ್ತದೆ. ಹತ್ತು, ಹನ್ನೊಂದರ ಹೊತ್ತಿಗೆ ಅದು ಬಿದ್ದು, ಕಡಲಿನಿಂದ ಪಡುಗಾಳಿ ಏಳುತ್ತದೆ. ಅದರ ತುಂಬ ಉಪ್ಪು, ಪಸೆ. ಅದು ತಾಗಿತೋ, ಗರಿಗರಿಯಾದ ಬಟ್ಟೆ ಬೇಯಿಸಿದ ಬಸಳೆ ಸೊಪ್ಪು. ಬೇಗ ತೆಗೆದರೆ ಹಸಿ, ತಡವಾದರೆ ಹಾಳು. ಪಡುಗಾಳಿ ಬರುವ ಸ್ವಲ್ಪ ಮೊದಲು, ಅದು ಬರುವ ಸುಳಿವು ಸಿಕ್ಕ ಕೂಡಲೇ, ತೆಗೆಯಬೇಕು.

ಆ ಸುಳಿವು ಅವರ ಬೆರಳುಗಳಿಗೆ ಸಿಗುತ್ತಿತ್ತು. ಬಟ್ಟೆಯ ಮೂಲೆಯೊಂದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮಡಚುವರು. ಮಡಿಕೆ ಚಟ್ಟನೆ ಎದ್ದು ನಿಂತರೆ ಇನ್ನೂ ಹೊತ್ತುಂಟು. ಸೋಮಾರಿಯಂತೆ ನಿಧಾನಕ್ಕೆ ಎದ್ದರೆ ಕಾಲುಗಂಟೆಯೊಳಗೆ ಪಡುಗಾಳಿ. ಹೀಗೆ ಇಪ್ಪತ್ತು ವರ್ಷ. ಯಾವ ತಿಂಗಳಲ್ಲಿ ಗಾಳಿ ಎಷ್ಟು ಹೊತ್ತಿಗೆ ತಿರುಗುತ್ತದೆ, ಮೊದಲು ನೇರ ಪಡುವಿನಿಂದ ಬಂದು ಮಧ್ಯಾಹ್ನಕ್ಕೆ ಹೇಗೆ ಬಡಗಿಗೆ ವಾಲುತ್ತದೆ, ಎಲ್ಲ ಅವರಿಗೆ ಬಾಯಿಪಾಠವಲ್ಲ, ಬೆರಳಪಾಠ.

ಇದನ್ನು ಮೊದಲು ಗಮನಿಸಿದವರು ನೆರೆಮನೆಯ ಮಂಜಣ್ಣ. ಹಾಯಿದೋಣಿಯಲ್ಲಿ ಮೀನಿಗೆ ಹೋಗುವವರು. ನಡುಕಡಲಿನಿಂದ ನೋಡಿದರೆ ದಿಬ್ಬದ ಮೇಲೆ ಬಿಳಿ ಸಾಲು ಕಾಣುತ್ತದೆ. ಅದು ಮಾಯವಾದ ಸ್ವಲ್ಪ ಹೊತ್ತಿಗೆಲ್ಲ ಪಡುಗಾಳಿ ಬರುತ್ತದೆಂದು ಅವರಿಗೆ ಗೊತ್ತಾಗಿ, ಬಟ್ಟೆ ಇಳಿದದ್ದೇ ಮನೆಯ ಕಡೆ ಹಾಯಿ ತಿರುಗಿಸುವುದು ಅಭ್ಯಾಸವಾಯಿತು. ಈ ಗುಟ್ಟನ್ನು ಅವರು ಯಾರಿಗೂ ಹೇಳಲಿಲ್ಲ. ಪಾದ್ರಿಗಳ ಬಟ್ಟೆ ನೋಡಿ ದೋಣಿ ಬಿಡುತ್ತೇನೆ ಎಂದು ಹೇಳಿಕೊಳ್ಳುವುದಾದರೂ ಹೇಗೆ?

ಇಮೆಲ್ಡಾ ಬಾಯಿಯ ಗಂಡ ಯುಜಿನ್ ಹನ್ನೆರಡು ವರ್ಷ ಕುವೈತಿನಲ್ಲಿದ್ದರು. ಅಲ್ಲಿ ಅವರಿಗೂ ಒಂದು ಹೊಟೇಲಿನ ಲಾಂಡ್ರಿಯಲ್ಲೇ ಕೆಲಸ. 'ಇಲ್ಲಿ ಗಾಳಿಗೂ ಸ್ವಿಚ್ಚು ಉಂಟು' ಎಂದು ಮೊದಲ ಕಾಗದದಲ್ಲೇ ಬರೆದಿದ್ದರು. ಹೆಂಡತಿಗೆ ಅದು ಸ್ವಲ್ಪ ಅವಮಾನವಾಯಿತೋ ಏನೋ, ಆಮೇಲೆ ಅವರ ಪ್ರತಿ ಕಾಗದದಲ್ಲೂ ಗಾಳಿಯ ವರದಿ: 'ಇವತ್ತು ಪಡುಗಾಳಿ ಹತ್ತೂ ಮುಕ್ಕಾಲಿಗೆ ಬಂತು. ನಿನ್ನೆಗಿಂತ ಐದು ನಿಮಿಷ ಬೇಗ. ನಾನು ಚೆನ್ನಾಗಿದ್ದೇನೆ.' ಹನ್ನೆರಡು ವರ್ಷದ ದಾಂಪತ್ಯ ಹೆಚ್ಚುಕಡಿಮೆ ಹೀಗೆ ಗಾಳಿಮಾತಿನಲ್ಲೇ ನಡೆಯಿತು. ಎರಡು ವರ್ಷಕ್ಕೊಮ್ಮೆ ಯುಜಿನ್ ಬರುತ್ತಿದ್ದರು, ಮೀಸೆ ಸ್ವಲ್ಪ ಬೆಳ್ಳಗಾಗಿ, ಎರಡು ತಿಂಗಳಿದ್ದು, ಮತ್ತೆ ಹೋಗುತ್ತಿದ್ದರು.

ತೊಂಬತ್ತರಲ್ಲಿ ಕುವೈತಿನಲ್ಲಿ ಯುದ್ಧವಾಗಿ ಅವರು ಒಂದು ಕೈಚೀಲದೊಂದಿಗೆ ಊರಿಗೆ ಬಂದರು. ಮನೆಯಲ್ಲಿ ಕೂತು ಕೂತು ಬೇಸರವಾಗಿ ಮಂಜಣ್ಣನ ದೋಣಿ ಹತ್ತಿದರು. ದೋಣಿಯಲ್ಲಿ ಮೂರನೆಯವನು ಬಟ್ಯ, ಮಂಜಣ್ಣನ ತಮ್ಮ. ಮೂವರಿಗೆ ಸೇರಿ ಒಂದೂವರೆ ಸೊಂಟ ಸರಿಯಿತ್ತು. ದೋಣಿ ಎಳೆಯಲು ಪ್ರತಿದಿನ ಬೇರೆಯವರ ಮುಖ ನೋಡಬೇಕು. ತೊಂಬತ್ತಮೂರರ ಅಕ್ಟೋಬರಿನಲ್ಲಿ ಮಂಜಣ್ಣ ಯುಜಿನರಿಗೆ, ಕ್ರಿಸ್ತುವರನ್ನು ಕರೆಯುವ ನಮ್ಮ ಕಡೆಯ ರೂಢಿಯಲ್ಲಿ, ಹೇಳಿಯೇ ಬಿಟ್ಟರು:

"ಪೊರ್ಬುಗಳೇ, ಇನ್ನು ನನ್ನಿಂದ ಆಗ್ಲಿಕ್ಕಿಲ್ಲ. ಈ ಸಲ ಅಳಿವೆಯ ಜಾಗ ಸಿಕ್ಕಿದ್ರೆ ಸರಿ. ಇಲ್ಲದಿದ್ರೆ ದೋಣಿ ಮನೆ ಹಿಂದೆ ಕವುಚಿ ಹಾಕುದು, ನಾನು ಮಂಗಳೂರು ಧಕ್ಕೆಯಲ್ಲಿ ಐಸು ಹೊರ್ಲಿಕ್ಕೆ ಹೋಗುದು."

ಅದೇ ವಾರ ಮಂಗಳೂರಿನ ಏಜೆಂಟನಿಂದ ಯುಜಿನರಿಗೆ ಮಸ್ಕತ್ತಿನ ವೀಸಾದ ಸುದ್ದಿ ಬಂತು. ಮತ್ತೆ ಲಾಂಡ್ರಿ, ಮತ್ತೆ ಎರಡು ವರ್ಷಕ್ಕೊಮ್ಮೆ ಊರು. ಡಿಸೆಂಬರ್ ಹತ್ತಕ್ಕೆ ವಿಮಾನ. ಒಪ್ಪಿಗೆ ನವೆಂಬರ್ ಮೊದಲ ವಾರ ಹೇಳಬೇಕು.

"ದೋಣಿ ಉಂಟಾದ್ರೆ ನಾನು ಇಲ್ಲಿರ್ತೇನೆ," ಎಂದರು ಯುಜಿನ್. "ಇಲ್ಲದಿದ್ರೆ ಇಲ್ಲಿ ಕೂತು ಎಂತ ಮಾಡುದು? ನಿನ್ನ ಇಸ್ತ್ರಿಪೆಟ್ಟಿಗೆಗೆ ಕೆಂಡ ಊದುದಾ?"

"ಊದಿದ್ರೆ ಎಂತ ಸಾಯ್ತೀರಾ?" ಎಂದರು ಇಮೆಲ್ಡಾ ಬಾಯಿ. ಆದರೆ ಅವರಿಗೂ ಗೊತ್ತಿತ್ತು, ಕೆಂಡ ಊದುವ ಗಂಡಸು ಆರು ತಿಂಗಳಲ್ಲಿ ಬೂದಿಯಾಗುತ್ತಾನೆ. ಮರುದಿನ ಬೆಳಿಗ್ಗೆ ಅವರೇ ಮಂಜಣ್ಣನ ಅಂಗಳಕ್ಕೆ ಹೋದರು.

"ಮಂಜಣ್ಣ, ನೀವು ನನ್ನ ಹಗ್ಗ ನೋಡಿ ಹಾಯಿ ತಿರುಗಿಸುದು ನಂಗೆ ಗೊತ್ತುಂಟು."

ಮಂಜಣ್ಣ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಬಲೆಯ ಕಡೆ ನೋಡಿದರು. "ಹಾಗಲ್ಲ ಬಾಯಮ್ಮ, ಸುಮ್ಮನೆ, ಕಣ್ಣಿಗೆ ಬೀಳ್ತದಲ್ಲ..."

"ಬೀಳ್ಲಿ. ಪಂದ್ಯದ ದಿನವೂ ನೋಡಿ. ಮೂಡುಗಾಳಿಯಲ್ಲಿ ನಿಮ್ಮ ದೋಣಿ ಹೇಗೂ ಎಲ್ಲರಿಗಿಂತ ಹಿಂದೆ. ಎಲ್ಲರೂ ಕಡಲಕರೆ ಹಿಡ್ಕೊಂಡೇ ಕಲ್ಲಿನತ್ರ ಹೋಗ್ತಾರೆ, ಅಲ್ಲಿ ಗಾಳಿ ಬಿದ್ದು ಕೂತ್ಕೊಳ್ತಾರೆ. ನೀವು ನಾನು ಬಟ್ಟೆ ತೆಗ್ದ ಕೂಡ್ಲೇ ಅವರನ್ನು ಬಿಟ್ಟು ಹೊರಗೆ ಪಡುವಿಗೆ ಹೋಗಿ. ಪಡುಗಾಳಿ ಮೊದ್ಲು ನಿಮಗೆ ಸಿಗ್ತದೆ."

"ನೀವು ತಪ್ಪಿದ್ರೆ?"

"ತಪ್ಪಿದ್ರೆ ನನ್ನ ಗಂಡ ಮಸ್ಕತ್ತಿಗೆ ಹೋಗ್ತಾರೆ," ಎಂದರು ಇಮೆಲ್ಡಾ ಬಾಯಿ. "ನಾನು ತಪ್ಪುದಿಲ್ಲ."

ನವೆಂಬರ್ ಒಂದು ಸೋಮವಾರ. ಸಕಲ ಸಂತರ ಹಬ್ಬದ ಪೂಜೆ ಬೇಗ ಮುಗಿದಿತ್ತು. ಮರುದಿನ ಸತ್ತವರ ದಿನವಾದ್ದರಿಂದ ಅದಕ್ಕೆ ಬೇಕಾದ ಬಟ್ಟೆಯೆಲ್ಲ ಹಗ್ಗದಲ್ಲಿತ್ತು. ಒಂಬತ್ತೂವರೆಗೆ ಆರು ದೋಣಿಗಳು ಹೊರಟವು. ಮೈಕಿನ ಮುಂದೆ ಸುಬ್ಬರಾಯ ಮಾಸ್ಟ್ರು. ಕನ್ನಡ ಶಾಲೆಯಲ್ಲಿ ಪಾಠ, ಉಳಿದ ಹೊತ್ತಿನಲ್ಲಿ ತಾಳಮದ್ದಳೆಯ ಅರ್ಥ. ಅವರ ಬಾಯಲ್ಲಿ ಮೀನಿನ ಬುಟ್ಟಿಯೂ ಕಿರೀಟ ಧರಿಸಿ ಬರುತ್ತಿತ್ತು.

"ಇದೋ, ಮಹಾಲಿಂಗನ ನೌಕೆ ಮುಂಚೂಣಿಯಲ್ಲಿ ವಿರಾಜಮಾನವಾಗಿದೆ! ಐದನೆಯದಾಗಿ, ವಯೋವೃದ್ಧ ಮಂಜಣ್ಣನ ನೌಕೆ, ವಯೋವೃದ್ಧವಾಗಿಯೇ ಚಲಿಸುತ್ತಿದೆ!"

ಮಹಾಲಿಂಗ ಎರಡು ವರ್ಷದಿಂದ ಗೆಲ್ಲುತ್ತಿದ್ದ ತರುಣ. ಅವನಿಗೆ ದೋಣಿ ಎಳೆಯಲು ಹತ್ತು ಜನರಿದ್ದರು. ಆದರೂ ಇರುವವನಿಗೇ ಇನ್ನಷ್ಟು ಎಂಬುದು ಕಡಲಿನ ನಿಯಮವೂ ಹೌದು.

ಹತ್ತು ಗಂಟೆಗೆ ಇಮೆಲ್ಡಾ ಬಾಯಿ ಬಟ್ಟೆಯ ಮೂಲೆ ಮಡಚಿ ನೋಡಿದರು. ಚಟ್ಟನೆ ಎದ್ದಿತು. ಇನ್ನೂ ಮುಕ್ಕಾಲು ಗಂಟೆಯಾದರೂ ಉಂಟು. ಅಷ್ಟರಲ್ಲಿ ಪೆಟ್ಟಿಗೆಗೆ ಕೆಂಡ ತುಂಬುವ ಎಂದು ಹಿತ್ತಿಲ ಕಡೆ ಹೋಗಿ ತೆಂಗಿನ ಗೆರಟೆ ಉರಿಸಲು ಕೂತರು.

ಆಗ, ಬರಬಾರದ ಹೊತ್ತಿಗೆ, ಮೂಡುಗುಡ್ಡದ ಮೇಲಿನಿಂದ ಒಂದು ತುಂಡು ಮೋಡ ಬಂದು ನಾಲ್ಕು ಹನಿ ಉದುರಿಸಿತು.

ನಮ್ಮ ಕಡೆ ಒಂದು ಪದ್ಧತಿ ಉಂಟು. ಮಳೆಹನಿ ಬಿದ್ದರೆ ಯಾರ ಅಂಗಳದಲ್ಲೇ ಬಟ್ಟೆ ಇರಲಿ, ಹತ್ತಿರವಿದ್ದವರು ಓಡಿಹೋಗಿ ತೆಗೆದು ಒಳಗಿಡಬೇಕು. ವರ್ಷಗಟ್ಟಲೆ ಮಾತು ಬಿಟ್ಟವರೂ ಹನಿ ಬಿದ್ದರೆ ಒಬ್ಬರ ಸೀರೆ ಇನ್ನೊಬ್ಬರು ಮಡಚಿ ಜಗಲಿಯಲ್ಲಿಟ್ಟು, ಮುಖ ತಿರುಗಿಸಿ ಹೋಗುತ್ತಾರೆ. ಅದು ಯಾರೂ ಕಲಿಸದೆ ಬಂದ ಧರ್ಮ. ಹಾಗಾಗಿ, ಕರೆಯಲ್ಲಿ ನಿಂತು ಪಂದ್ಯ ನೋಡುತ್ತಿದ್ದ ಮಂಜಣ್ಣನ ಹೆಂಡತಿ ದಮಯಂತಕ್ಕ, ಹನಿ ಬಿದ್ದ ಕೂಡಲೇ "ಅಯ್ಯೋ, ಬಾಯಮ್ಮನ ಬಟ್ಟೆ!" ಎಂದು ದಿಬ್ಬ ಹತ್ತಿ ಓಡಿ, ಸರಸರನೆ ಎಲ್ಲವನ್ನೂ ಎಳೆದು ಒಳಗೆ ಹಾಕಿದರು. ಒಂದೇ ಒಂದು ಕರವಸ್ತ್ರವನ್ನೂ ಬಿಡಲಿಲ್ಲ.

ಕಡಲಿನಲ್ಲಿ ಮಂಜಣ್ಣ ತಲೆಯೆತ್ತಿ ನೋಡಿದರು. ದಿಬ್ಬ ಬರಿದು.

"ತೆಗ್ದಾಯ್ತು!" ಎಂದು ಚುಕ್ಕಾಣಿ ತಿರುಗಿಸಿದರು. ಐದನೆಯದಾಗಿದ್ದ ದೋಣಿ ಕರೆಗೆ ಬೆನ್ನು ಹಾಕಿ ಸೀದಾ ಪಡುವಿಗೆ ಹೊರಟಿತು.

"ಇದೇನಿದು!" ಮೈಕು ಗರ್ಜಿಸಿತು. "ಮಂಜಣ್ಣನ ನೌಕೆ ಪಂದ್ಯವನ್ನೇ ತ್ಯಜಿಸಿ ಪಶ್ಚಿಮಾಭಿಮುಖವಾಗಿ ಸಾಗುತ್ತಿದೆ! ಲಕ್ಷದ್ವೀಪಕ್ಕೋ, ಮಸ್ಕತ್ತಿಗೋ?"

ಕರೆಯಿಡೀ ನಕ್ಕಿತು. ಹಿತ್ತಿಲಿನಲ್ಲಿ ಮಸ್ಕತ್ತು ಎಂಬ ಶಬ್ದ ಕಿವಿಗೆ ಬಿದ್ದು ಇಮೆಲ್ಡಾ ಬಾಯಿ ಎದ್ದು ಅಂಗಳಕ್ಕೆ ಬಂದರು. ಹಗ್ಗ ಖಾಲಿ. ಜಗಲಿಯಲ್ಲಿ ಬಟ್ಟೆಯ ರಾಶಿ. ಅದರ ಪಕ್ಕ, ಉಪಕಾರ ಮಾಡಿದ ತೃಪ್ತಿಯಲ್ಲಿ, ದಮಯಂತಕ್ಕ.

"ಹನಿ ತಾಗಿ ಸ್ವಲ್ಪ ಚಂಡಿ ಆಗಿದೆ ಬಾಯಮ್ಮ. ನಾನು ಓಡಿ ಬಂದದ್ದಕ್ಕೆ ಇಷ್ಟಾದ್ರೂ ಉಳೀತು."

"ದಮಯಂತಿ..." ಇಮೆಲ್ಡಾ ಬಾಯಿ ಕೈಯೆತ್ತಿ ಕಡಲನ್ನು ತೋರಿಸಿದರು. ಕರೆಯ ಪಕ್ಕದಲ್ಲಿ ಐದು ಹಾಯಿ, ದೂರದಲ್ಲಿ ಒಂಟಿಯಾಗಿ ಒಂದು. "ನಿನ್ನ ಗಂಡ ಹೋಗ್ತಾ ಇದ್ದಾರೆ ನೋಡು. ಹಗ್ಗ ನೋಡಿ ಹೋದದ್ದು."

ದಮಯಂತಕ್ಕನಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಆಮೇಲೆ ತಲೆ ಚಚ್ಚಿಕೊಂಡು, ರಾಶಿಯನ್ನು ಬಾಚಿ ಎತ್ತಿಕೊಂಡು ಹಗ್ಗದ ಕಡೆ ಓಡಿದರು. "ಪುನಃ ಹಾಕ್ತೇನೆ ಬಾಯಮ್ಮ! ಕಂಡ್ರೆ ಹಿಂದೆ ಬರ್ತಾರೆ. ಇನ್ನೂ ಹೊತ್ತುಂಟು!"

ನಿಜ, ಇನ್ನೂ ಹೊತ್ತಿತ್ತು. ಬಟ್ಟೆ ಮತ್ತೆ ಹಗ್ಗಕ್ಕೆ ಬಿದ್ದರೆ ಮಂಜಣ್ಣ ತಪ್ಪು ತಿಳಿದು ತಿರುಗುವರು. ಐದನೆಯವರಾಗಿಯೋ ಆರನೆಯವರಾಗಿಯೋ ಗುಂಪು ಸೇರುವರು. ಮರ್ಯಾದೆ ಉಳಿಯುತ್ತದೆ. ಜಾಗ ಸಿಗುವುದಿಲ್ಲ, ಅಷ್ಟೇ.

ಇಮೆಲ್ಡಾ ಬಾಯಿ ಬಟ್ಟೆಯೊಂದರ ಮೂಲೆ ಹಿಡಿದರು. ಒದ್ದೆ. ಅದು ಏನನ್ನೂ ಹೇಳಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿ ಅವರ ಬೆರಳುಗಳು ಮೂಕವಾಗಿದ್ದವು. ತಲೆ ಎತ್ತಿದರು. ಅಡುಗೆಮನೆಯ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಹತ್ತು ನಿಮಿಷದ ಹಿಂದೆ ಅದು ಕಡಲಿನ ಕಡೆ ಬಾಗಿತ್ತು. ಹನಿ ಬಿದ್ದು ನೆಲ ತಂಪಾಗಿ, ಮೂಡುಗಾಳಿ ಇವತ್ತು ಅವಧಿಗೆ ಮೊದಲೇ ಸತ್ತಿತ್ತು.

"ಹಾಕ್ಬೇಡ," ಎಂದರು.

"ಎಂತ?"

"ಹಾಕ್ಬೇಡ ಮಾರಾಯ್ತಿ, ಬಿಡು! ಕರೆಯಲ್ಲಿ ಗಾಳಿ ಬಿತ್ತು. ಹಿಂದೆ ಬಂದ್ರೆ ಇಲ್ಲಿ ಎಂತ ಉಂಟು? ಆ ಐದು ದೋಣಿಯೂ ಈಗ ನಿಲ್ತವೆ ನೋಡು. ಪಡುಗಾಳಿ ತಡ ಮಾಡಿ ಬರ್ತದೆ, ಆದ್ರೆ ಬರ್ತದೆ. ಹೊರಗೆ ಇದ್ದವರಿಗೇ ಮೊದ್ಲು."

"ಬಾರದಿದ್ರೆ?"

ಇಮೆಲ್ಡಾ ಬಾಯಿ ಒಳಗೆ ಹೋಗಿ, ಕಪಾಟಿನಿಂದ ಹಿಂದಿನ ವಾರ ಇಸ್ತ್ರಿ ಮಾಡಿಟ್ಟ ಒಂದು ಚಿಕ್ಕ ಪೀಠವಸ್ತ್ರ ತಂದು, ಅದರ ಮೂಲೆಯನ್ನು ಬೆರಳಿನಲ್ಲಿ ಹಿಡಿದು ದಿಬ್ಬದ ತುದಿಯಲ್ಲಿ ನಿಂತರು. ದಮಯಂತಕ್ಕ ಒದ್ದೆ ರಾಶಿಯನ್ನು ಮಗುವಿನಂತೆ ಎದೆಗವುಚಿಕೊಂಡು ಪಕ್ಕದಲ್ಲಿ ನಿಂತರು.

ಹತ್ತೂವರೆಗೆ ಮಹಾಲಿಂಗನ ಹಾಯಿ, ಬೊಳ್ಳಿಕಲ್ಲಿಗೆ ಇನ್ನೂ ಮುನ್ನೂರು ಗಜ ಇರುವಾಗ, ಜೋತುಬಿತ್ತು. ಒಂದೊಂದಾಗಿ ಉಳಿದವೂ ಜೋತುಬಿದ್ದವು. ದೂರದಲ್ಲಿ ಮಂಜಣ್ಣನದ್ದೂ. ಹತ್ತೂ ಮುಕ್ಕಾಲಾಯಿತು. ಬೇರೆ ದಿನವಾದರೆ ಪಡುಗಾಳಿ ಬರುವ ಹೊತ್ತು. ಬರಲಿಲ್ಲ. ಕಡಲು ಎಣ್ಣೆ ಚೆಲ್ಲಿದಂತೆ ಮಲಗಿತ್ತು. ಸುಬ್ಬರಾಯ ಮಾಸ್ಟ್ರು ಕೂಡ ಹೇಳಲು ಏನೂ ಉಳಿಯದೆ, ಪಂಚಾಯತ್ ಅಧ್ಯಕ್ಷರಿಗೆ ಮೂರನೇ ಸಲ ಸ್ವಾಗತ ಕೋರಿದರು.

ಆ ಹೊತ್ತಿಗೆ ದೋಣಿಯಲ್ಲಿ ನಡೆದ ಮಾತನ್ನು ಆಮೇಲೆ ಬಟ್ಯ ಊರಿಡೀ ಹೇಳಿದ.

"ಪೊರ್ಬುಗಳೇ," ಎಂದರಂತೆ ಮಂಜಣ್ಣ, "ನಿಮ್ಮ ಬಾಯಮ್ಮನಿಗೆ ಇವತ್ತು ಎಂತಾಗಿದೆ?"

"ಹನ್ನೆರಡು ವರ್ಷ ಕಾಗದದಲ್ಲಿ ಬರ್ದಿದ್ದಾಳೆ. ಒಂದು ದಿನವೂ ತಪ್ಪಿಲ್ಲ."

"ಕಾಗದ ಬರ್ದದ್ದು ಗಾಳಿ ಬಂದ ಮೇಲೆ ಅಲ್ವಾ? ಆಮೇಲೆ ಬರೆಯುದಾದ್ರೆ ನಾನೂ ತಪ್ಪುದಿಲ್ಲ!"

ಯುಜಿನ್ ದಿಬ್ಬದ ಕಡೆ ನೋಡಿ, "ಅದು ಹೌದು," ಎಂದರಂತೆ. ಮತ್ತೆ, "ಆದ್ರೂ ಇರುವ," ಎಂದರಂತೆ.

ಹನ್ನೊಂದು ದಾಟಿ ಐದು ನಿಮಿಷ. ಇಮೆಲ್ಡಾ ಬಾಯಿ ಇಪ್ಪತ್ತನೆಯ ಸಲವೋ ಮೂವತ್ತನೆಯ ಸಲವೋ ಬಟ್ಟೆಯ ಮೂಲೆ ಮಡಚಿ ಬಿಟ್ಟರು. ಅದು ಚಟ್ಟನೆ ಏಳಲಿಲ್ಲ. ಬೆಳಗಿನ ಪೂಜೆಗೆ ಎಬ್ಬಿಸಿದ ಮಕ್ಕಳಂತೆ, ಬೇಡದ ಮನಸ್ಸಿನಿಂದ, ನಿಧಾನಕ್ಕೆ ಎದ್ದಿತು.

"ದಮಯಂತಿ," ಎಂದರು, ಪಿಸುಮಾತಿನಲ್ಲಿ. "ಬಂತು." ಒಂದು ಕ್ಷಣ ಕೆನ್ನೆಯನ್ನು ಗಾಳಿಗೆ ಒಡ್ಡಿ, "ನೇರ ಪಡುವಿನಿಂದ ಅಲ್ಲ. ತಡವಾದ್ದಕ್ಕೆ ಬಡಗಿಗೆ ವಾಲಿ, ಕಲ್ಲಿನ ಕಡೆಯಿಂದಲೇ ಬರ್ತಾ ಉಂಟು. ಕಲ್ಲಿನ ಈಚೆ ಇದ್ದವರಿಗೆ ಕಲ್ಲೇ ಅಡ್ಡ."

ದಿಗಂತದ ಹತ್ತಿರ ನೀರು ಕಪ್ಪಾಯಿತು. ಕಪ್ಪುಗೆರೆ ಈಚೆಗೆ ಸರಿಯುತ್ತಾ ಬಂದು ಒಂಟಿ ಹಾಯಿಯನ್ನು ಮುಟ್ಟಿದ್ದೇ ತಡ, ಅದು ಹೊಟ್ಟೆತುಂಬಿದವರಂತೆ ಉಬ್ಬಿ ಬಡಗಿಗೆ ಹೊರಟಿತು. ಹಾಯಿ ಎಂಬುದು ಹಾಯಾಗಿ ಹೋಗಲು ಇರುವುದೆಂದು ಆ ಹಳೆಯ ದೋಣಿಗೆ ಅಂದು ನೆನಪಾಗಿರಬೇಕು. ಬೊಳ್ಳಿಕಲ್ಲಿನ ಮರೆಯಲ್ಲಿ ಐದು ಹಾಯಿಗಳು ಇನ್ನೂ ಒಗೆದು ಹಾಕಿದ ಚಾದರಗಳಂತೆ ತೂಗುತ್ತಿದ್ದವು. ಮಂಜಣ್ಣ ಅವರ ಕಣ್ಣೆದುರಿಗೇ ಕಲ್ಲಿಗೆ ಸುತ್ತುಹಾಕಿದರು.

"ವಯೋವೃದ್ಧ ಎಂದೆನೇ? ತಪ್ಪಾಯಿತು! ಜ್ಞಾನವೃದ್ಧ!" ಮೈಕು ಕಿರುಚಿತು.

ಮರಳಿ ಬರುವಾಗ ಗಾಳಿ ಬೆನ್ನಿಗಿತ್ತು. ಮಹಾಲಿಂಗನಿಗೂ ಗಾಳಿ ಸಿಕ್ಕಿ, ಅವನ ದೋಣಿ ವೇಗದ್ದಾದ್ದರಿಂದ ಅಂತರ ಕರಗುತ್ತಾ ಬಂತು. ದಿಬ್ಬದ ಮೇಲೆ ಇಮೆಲ್ಡಾ ಬಾಯಿ ಕಣ್ಣು ಮುಚ್ಚಿ ನಮೋಮರಿಯೆ ಪ್ರಾರ್ಥನೆ ಹೇಳತೊಡಗಿದರು. ದಮಯಂತಕ್ಕ ಕಣ್ಣು ಬಿಟ್ಟೇ, ಸೊಂಟಕ್ಕೆ ಕೈಯಿಟ್ಟು, ತುಳುವಿನಲ್ಲಿ ಗಂಡನಿಗೆ ಬೈದರು. ಎರಡರಲ್ಲಿ ಯಾವುದು ಫಲಿಸಿತೋ, ಒಂದು ದೋಣಿಯುದ್ದದ ಅಂತರದಲ್ಲಿ ಮಂಜಣ್ಣ ಮೊದಲು ಅಳಿವೆ ಸೇರಿದರು.

ಬಟ್ಯನ ಬಾಯಿಂದ ಹಗ್ಗದ ಗುಟ್ಟು ಕೇಳಿದ ಮಹಾಲಿಂಗ ತಕರಾರು ತೆಗೆಯದೆ ಇರಲಿಲ್ಲ. "ಬಟ್ಟೆ ತೋರಿಸಿ ಆಡಿದ್ದು ಮೋಸ ಮಾಸ್ಟ್ರೇ!"

ಸುಬ್ಬರಾಯ ಮಾಸ್ಟ್ರು ವಿಚಾರಣೆ ನಡೆಸಿ, ದಮಯಂತಕ್ಕನನ್ನು ಕೇಳಿ, ಮೈಕಿನಲ್ಲೇ ತೀರ್ಪು ಕೊಟ್ಟರು: "ಬಟ್ಟೆ ತೆಗೆದದ್ದು ಮಳೆ ಬಂತೆಂದು. ಅದೂ ಮಂಜಣ್ಣನಿಗೆ ತೊಂದರೆಯಾಗುವ ಹಾಗೆ. ತೊಂದರೆ ಮಾಡಿಸಿಕೊಂಡು ಗೆದ್ದವನಿಗೆ ಮೋಸಗಾರ ಎನ್ನುವುದು ಯಾವ ಪುರಾಣದಲ್ಲಿದೆ ಮಾರಾಯ? ಮುಂದಿನ ವರ್ಷ ನೀನೂ ಒಂದು ಹಗ್ಗ ಕಟ್ಟು."

ಮಹಾಲಿಂಗ ತಲೆ ಕೆರೆದುಕೊಂಡು ನಕ್ಕ. ಮಂಜಣ್ಣನ ದೋಣಿಯನ್ನು ಅಳಿವೆಯ ಒಳಗೆ ಕಟ್ಟಲು ಮೊದಲು ಹಗ್ಗ ಹಿಡಿದವನೂ ಅವನೇ.

ಮನೆಯಲ್ಲಿ ಇಮೆಲ್ಡಾ ಬಾಯಿ ಗಂಡನೆದುರು ನಿಂತು ಹೇಳಿದರು: "ನಾನು ತೆಗ್ದದ್ದಲ್ಲ. ದಮಯಂತಿ ತೆಗ್ದದ್ದು. ನೀವು ಸುಮ್ಮನೆ ನಂಬಿ ಕೂತದ್ದು."

"ದಮಯಂತಿಯೇ ಹೇಳಿದ್ಲು," ಎಂದರು ಯುಜಿನ್. "ಪುನಃ ಹಾಕ್ಲಿಕ್ಕೆ ಹೋದವಳ ಕೈ ಹಿಡಿದದ್ದು ಯಾರು?"

"ಅದು ನಾನೇ."

"ಮತ್ತೆಂತ?"

ಮರುದಿನ ಸತ್ತವರ ಪೂಜೆಗೆ ಬಟ್ಟೆಗಳು ಬಸಳೆಯಂತೆ ಜೋತಾಡುತ್ತಿದ್ದವು. ಇಗರ್ಜಿಯ ವಿಗಾರರು ಒಮ್ಮೆ ಅವುಗಳನ್ನೂ ಒಮ್ಮೆ ಇಮೆಲ್ಡಾ ಬಾಯಿಯನ್ನೂ ನೋಡಿ ಪೂಜೆ ಮುಂದುವರಿಸಿದರು. ಸತ್ತವರು ಯಾರೂ ದೂರು ಕೊಡಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ವಿಗಾರರ ಬಂಗಲೆಗೆ ಮಂಗಳೂರಿನಿಂದ ಫೋನು ಬಂತು. ಬಟ್ಟೆ ಕೊಡಲು ಹೋಗಿದ್ದ ಇಮೆಲ್ಡಾ ಬಾಯಿಯೇ ರಿಸೀವರ್ ತೆಗೆದುಕೊಂಡರು. ಆಚೆ ಕಡೆ ಏಜೆಂಟ್.

"ಯುಜಿನ್ ಉಂಟಾ? ಅವರು ಒಪ್ಪಿಗೆ ಹೇಳ್ಲೇ ಇಲ್ಲ."

"ಅವರು ಬರುದಿಲ್ಲ ಅಂತ ಹೇಳ್ಲಿಕ್ಕೆ ಹೇಳಿದ್ದಾರೆ. ಈಗ ಕಡಲಿಗೆ ಹೋಗಿದ್ದಾರೆ."

"ಎಂತ ಬಾಯಮ್ಮ, ಇಂಥ ವೀಸಾ ಪುನಃ ಸಿಗ್ತದಾ? ನಾನೇ ಮಾತಾಡ್ತೇನೆ. ಯಾವಾಗ ಬರ್ತಾರೆ ಮನೆಗೆ?"

ಹನ್ನೆರಡು ವರ್ಷ ಊರಿನವರೆಲ್ಲ ಅವರನ್ನು ಕೇಳಿದ ಪ್ರಶ್ನೆ ಅದು. ಆಗಿನ ಉತ್ತರ: ಬರುವ ವರ್ಷ, ಬಹುಶಃ ಈಸ್ಟರಿಗೆ, ರಜೆ ಸಿಕ್ಕಿದರೆ. ಇಮೆಲ್ಡಾ ಬಾಯಿ ಕಿಟಕಿಯಿಂದ ಹೊರಗೆ ತೆಂಗಿನ ಗರಿಗಳ ಕಡೆ ನೋಡಿದರು. ಮೂಡುಗಾಳಿ ಚೆನ್ನಾಗಿ ಬೀಸುತ್ತಿತ್ತು, ಆಕಾಶದಲ್ಲಿ ಮೋಡವಿರಲಿಲ್ಲ.

"ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ," ಎಂದರು.